ರಾಷ್ಟ್ರಪತಿಗೆ ಹೆಚ್ಚು ಅಧಿಕಾರವೋ, ರಾಜನಿಗೋ?

ವಿಜಯಪುರದಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವವನಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಸಂವಿಧಾನದ 53ನೆಯ ವಿಧಿಯಲ್ಲಿ ಕೇಂದ್ರದ ಕಾರ್ಯಾಂಗದ ಅಧಿಕಾರವೆಲ್ಲ ರಾಷ್ಟ್ರಪತಿಯವರದು ಎಂದು ಹೇಳಿ, 74ನೆಯ ವಿಧಿಗೆ ಬಂದು ಅದನ್ನು ಅವರು ಮಂತ್ರಿಮಂಡಲದ ಸಲಹೆಯಂತೆಯೇ ಚಲಾಯಿಸಬೇಕು ಎಂದು ಹೇಳುತ್ತಿದ್ದಂತೆ, ಹಿಂದಿನ ಬೆಂಚಿನಿಂದ ಯಾರಾದರೊಬ್ಬರು ಎದ್ದೇ ಏಳುತ್ತಾರೆ: “ಸರ್, ಹಂಗಾದ್ರ ರಾಷ್ಟ್ರಪತಿಯವರದು ಬರೀ ಸಹಿ ಮಾಡೂ ಕೆಲಸೇನ್ರಿ? ಅವರಕಿಂತ ನಮ್ಮ ಬಾದಶಾಗ ಹೆಚ್ಚಿನ ಅಧಿಕಾರ ಇತ್ತಲ್ರಿ?” ಮದುವೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತ ಬೀಗರೂ ಇದನ್ನೇ ಕೇಳಿದ್ದಾರೆ. ತರಗತಿಯ ಗಂಟೆ ಮುಗಿಯುವುದರೊಳಗೆ ಕೊಡುವ ಉತ್ತರ ಅರ್ಧವಾಗುತ್ತದೆ. ಆದ್ದರಿಂದ ಇಲ್ಲಿ ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಹುದ್ದೆಯ ಹೆಸರಿನಿಂದ ಅಧಿಕಾರವನ್ನು ಅಳೆಯಲಾಗದು ಎಂಬುದು ನನ್ನ ಉತ್ತರದ ತಿರುಳು. ಒಬ್ಬನಿಗೆ ಎಷ್ಟು ಅಧಿಕಾರವಿದೆ ಎಂದು ತಿಳಿಯಬೇಕಾದರೆ, ಅವನ ಮುಂದೆ ಬರುವ ಕಾಗದವನ್ನು ಬರೆಯುವವರು ಯಾರು, ಅದಕ್ಕೆ ಅವನು ಒಲ್ಲೆ ಎನ್ನಬಹುದೇ, ಒಲ್ಲೆ ಎಂದ ಮರುದಿನ ಅವನ ಗತಿಯೇನು ಎಂದು ನೋಡಬೇಕು. ಹೀಗೆ ನೋಡಿದರೆ ಕೆಲವು ರಾಜರು ನಮ್ಮ ರಾಷ್ಟ್ರಪತಿಗಿಂತ ದುರ್ಬಲರಾಗಿ ಕಾಣುತ್ತಾರೆ, ಕೆಲವು ರಾಷ್ಟ್ರಾಧ್ಯಕ್ಷರು ಯಾವ ರಾಜನಿಗೂ ಕಡಿಮೆಯಿಲ್ಲದಂತೆ ಕಾಣುತ್ತಾರೆ.

ಕಾಗದದ ಮಾತು ಬಂತು. ಅದನ್ನು ಎದುರಿಗೇ ಇಟ್ಟುಕೊಂಡು ನೋಡೋಣ. ನಮ್ಮ ರಾಜ್ಯ ಸರ್ಕಾರದ ಯಾವುದೇ ಆದೇಶದ ಕೊನೆಯ ಪುಟವನ್ನು ತೆಗೆದರೂ “ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ” ಎಂಬ ಸಾಲು ಇರುತ್ತದೆ. ಅದರ ಕೆಳಗಿನ ಸಹಿ ಮಾತ್ರ ಸಾಮಾನ್ಯವಾಗಿ ಒಬ್ಬ ಅಧೀನ ಕಾರ್ಯದರ್ಶಿಯದು. ಆ ಆದೇಶದಿಂದ ವರ್ಗವಾದವರ ಹೆಸರು ರಾಜ್ಯಪಾಲರ ಕಿವಿಗೆ ಬಿದ್ದೇ ಇರುವುದಿಲ್ಲ. ದಿಲ್ಲಿಯಲ್ಲಿ ಇದೇ ಸಾಲು ರಾಷ್ಟ್ರಪತಿಯವರ ಹೆಸರಿನಲ್ಲಿ ಬರುತ್ತದೆ. ಈ ಕಾಗದವನ್ನು ತರಗತಿಗೆ ಒಯ್ದು ಕೈಯಿಂದ ಕೈಗೆ ದಾಟಿಸಿದರೆ, ಮಕ್ಕಳಿಗೆ ಮೇಲಿನ ಹೆಸರಿಗೂ ಕೆಳಗಿನ ಸಹಿಗೂ ಇರುವ ಅಂತರ ಅಲ್ಲಿಯೇ ತಿಳಿಯುತ್ತದೆ.

ಈ ಅಂತರ ಗಣರಾಜ್ಯ ಬಂದ ಮೇಲೆ ಹುಟ್ಟಿದ್ದಲ್ಲ. ನಮ್ಮೂರಿನ ಆದಿಲ್‌ಶಾಹಿ ಮನೆತನ ತಲೆ ಎತ್ತಿದ್ದೇ ಇಂತಹ ಅಂತರದಿಂದ. 1490ರಲ್ಲಿ ಯೂಸುಫ್ ಆದಿಲ್ ಖಾನ್ ಇಲ್ಲಿ ಸ್ವತಂತ್ರನಾಗಿ ಆಳತೊಡಗಿದಾಗ, ಬೀದರದಲ್ಲಿ ಬಹಮನಿ ಸುಲ್ತಾನ ಇನ್ನೂ ಸಿಂಹಾಸನದ ಮೇಲೆಯೇ ಇದ್ದ. ಆದರೆ ಆಡಳಿತವೆಲ್ಲ ಬರೀದ್ ಮನೆತನದವರ ಕೈ ಸೇರಿತ್ತು. ಮುಂದೆ ಆದಿಲ್‌ಶಾಹಿಗಳಿಗೂ ಅದೇ ಬಂತು. 1580ರಲ್ಲಿ ಎರಡನೆಯ ಇಬ್ರಾಹಿಂ ಪಟ್ಟಕ್ಕೆ ಬಂದಾಗ ಅವನಿಗೆ ಒಂಬತ್ತು ವರ್ಷ. ಸುಮಾರು ಹತ್ತು ವರ್ಷ ರಾಜ್ಯ ಅವನ ಹೆಸರಿನಲ್ಲಿ ನಡೆಯಿತು, ಹುಕುಂ ಮಾತ್ರ ಬೇರೆಯವರದಾಗಿತ್ತು: ಕಾಮಿಲ್ ಖಾನ್, ಕಿಶ್ವರ್ ಖಾನ್, ಇಖ್ಲಾಸ್ ಖಾನ್, ದಿಲಾವರ್ ಖಾನ್ ಎಂದು ಸರದಾರರು ಒಬ್ಬರನ್ನೊಬ್ಬರು ಕೆಡವಿ ಬಂದರು, ಬಾದಶಹನ ಪರವಾಗಿ ನಿಂತ ಚಾಂದಬೀಬಿಯನ್ನೇ ಸಾತಾರದ ಕೋಟೆಯಲ್ಲಿ ಸೆರೆ ಇಟ್ಟರು. ಕೊನೆಯ ಸುಲ್ತಾನ ಸಿಕಂದರನ ಕಥೆ ಇನ್ನೂ ಕರುಳು ಹಿಂಡುವಂಥದ್ದು. 1672ರಲ್ಲಿ ನಾಲ್ಕೈದು ವರ್ಷದ ಕೂಸಾಗಿ ಪಟ್ಟವೇರಿದ ಅವನು, 1686ರಲ್ಲಿ ಔರಂಗಜೇಬನ ಎದುರು ಶರಣಾಗಿ ಕೋಟೆಯನ್ನು ಒಪ್ಪಿಸುವಾಗ ಇನ್ನೂ ಹದಿನೆಂಟರ ಆಸುಪಾಸಿನ ಹುಡುಗ. ಹದಿನಾಲ್ಕು ವರ್ಷದ ಆ ಆಳ್ವಿಕೆಯಲ್ಲಿ ಅವನದೆಂದು ಹೇಳಬಹುದಾದ ನಿರ್ಧಾರಗಳು ತೀರ ವಿರಳ.

ಹಾಗೆಂದು ಎಲ್ಲ ಬಾದಶಹರೂ ಹೀಗಿದ್ದರೆಂದಲ್ಲ. ಗೋಳಗುಮ್ಮಟವನ್ನು ಕಟ್ಟಿಸಿದ ಮುಹಮ್ಮದ್ ಆದಿಲ್‌ಶಹನ ಕೈಯಲ್ಲಿ ಖಜಾನೆ, ಸೈನ್ಯ, ನ್ಯಾಯ ಮೂರೂ ಇದ್ದವು. ಅಂಥ ಅಧಿಕಾರ ಭಾರತದ ಯಾವ ರಾಷ್ಟ್ರಪತಿಗೂ ಇಲ್ಲ, ಇರಲೂ ಬಾರದು. ಆದರೆ ಅದು ಆ ವ್ಯಕ್ತಿಯ ವಯಸ್ಸು, ಆರೋಗ್ಯ, ಸರದಾರರ ನಿಷ್ಠೆ ಇವುಗಳ ಮೇಲೆ ನಿಂತಿತ್ತು. ಅವನ ಮಗ ಎರಡನೆಯ ಅಲಿ ತನ್ನ ಗೋರಿಗೆಂದು ಆರಂಭಿಸಿದ ಬಾರಾಕಮಾನು ಊರ ನಡುವೆ ಇಂದಿಗೂ ಅರ್ಧಕ್ಕೇ ನಿಂತಿದೆ. ಕಪ್ಪು ಕಲ್ಲಿನ ಕಮಾನುಗಳು ಬರಿದೇ ಮೇಲೆದ್ದಿವೆ, ಛಾವಣಿ ಇಲ್ಲ, ಮಧ್ಯಾಹ್ನದ ಬಿಸಿಲು ನೇರವಾಗಿ ಗೋರಿಗಳ ಮೇಲೆ ಬೀಳುತ್ತದೆ. ವಿದ್ಯಾರ್ಥಿಗಳನ್ನು ಅಲ್ಲಿಗೆ ಕರೆದೊಯ್ದಾಗಲೆಲ್ಲ ನಾನು ಸ್ವಲ್ಪ ಹೊತ್ತು ಏನೂ ಹೇಳದೆ ಸುಮ್ಮನೆ ನಿಲ್ಲುತ್ತೇನೆ.

ಕಿತ್ತೂರಿನ ಮಾತನ್ನೂ ಇಲ್ಲಿ ನೆನೆಯಬೇಕು. 1824ರಲ್ಲಿ ಶಿವಲಿಂಗರುದ್ರ ಸರ್ಜ ತೀರಿಕೊಂಡ ಮೇಲೆ ದತ್ತುಮಗನ ಹಕ್ಕನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ. ತಮ್ಮ ಮನೆಯ ವಾರಸುದಾರನನ್ನು ತಾವೇ ಆರಿಸಿಕೊಳ್ಳುವ ಅಧಿಕಾರವೂ ಅರಸುಮನೆತನಕ್ಕೆ ಉಳಿದಿರಲಿಲ್ಲ. ರಾಣಿ ಚೆನ್ನಮ್ಮ ಅದನ್ನು ಒಪ್ಪದೆ ಹೋರಾಡಿದಳು ಎಂಬುದು ಅವಳ ಹಿರಿಮೆ. ಇಂಗ್ಲಿಷರ ಕಾಲದ ಸಂಸ್ಥಾನಿಕರಲ್ಲಿ ಹೆಚ್ಚಿನವರು ಒಪ್ಪಿಕೊಂಡೇ ಬಾಳಿದರು.

ಈಗಿನ ರಾಜರನ್ನು ನೋಡೋಣ. ಸೌದಿ ಅರೇಬಿಯದಲ್ಲಿ ಮಂತ್ರಿಗಳನ್ನು ನೇಮಿಸುವವನೂ ತೆಗೆಯುವವನೂ ರಾಜನೇ, ಚುನಾಯಿತ ಸಂಸತ್ತು ಅಲ್ಲಿಲ್ಲ. ಅಲ್ಲಿ ರಾಜ ಎಂಬ ಪದಕ್ಕೆ ಹಳೆಯ ಅರ್ಥವೇ ಇದೆ. ಬ್ರಿಟನ್ನಿನಲ್ಲಿ ಸಂಸತ್ತು ಒಪ್ಪಿದ ಮಸೂದೆಗೆ ಅಂಕಿತ ನಿರಾಕರಿಸಿದ ಕೊನೆಯ ಘಟನೆ ನಡೆದದ್ದು 1708ರಲ್ಲಿ, ರಾಣಿ ಆನ್ ಕಾಲದಲ್ಲಿ. ಬೆಲ್ಜಿಯಂನ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1990ರಲ್ಲಿ ಗರ್ಭಪಾತವನ್ನು ಕಾನೂನುಬದ್ಧಗೊಳಿಸುವ ಮಸೂದೆಗೆ ಸಹಿ ಹಾಕಲು ತನ್ನ ಅಂತಃಸಾಕ್ಷಿ ಒಪ್ಪುವುದಿಲ್ಲವೆಂದು ಅಲ್ಲಿನ ರಾಜ ಬೋದುವಾಂ ಹೇಳಿದಾಗ, ರಾಜ ಆಳಲು ಅಸಮರ್ಥನಾಗಿದ್ದಾನೆ ಎಂದು ಮಂತ್ರಿಮಂಡಲ ಘೋಷಿಸಿತು, ಮಂತ್ರಿಗಳೇ ಕೂಡಿ ಸಹಿ ಹಾಕಿದರು, ಮರುದಿನ ಸಂಸತ್ತು ಅವನನ್ನು ಮತ್ತೆ ಸಿಂಹಾಸನದ ಮೇಲೆ ಕೂರಿಸಿತು. ಲಕ್ಸೆಂಬರ್ಗಿನ ದೊರೆ ಆಂರಿ 2008ರಲ್ಲಿ ದಯಾಮರಣದ ಕಾಯ್ದೆಗೆ ಒಪ್ಪಿಗೆ ಕೊಡಲಾರೆ ಎಂದಾಗ, ದೊರೆಯ ಒಪ್ಪಿಗೆ ಬೇಕೆಂಬ ಮಾತನ್ನೇ ಅಲ್ಲಿನ ಸಂವಿಧಾನದಿಂದ ತೆಗೆದುಹಾಕಿದರು.

ಇವರ ಪಕ್ಕದಲ್ಲಿ ಅಮೆರಿಕದ ಅಧ್ಯಕ್ಷರನ್ನು ನಿಲ್ಲಿಸಿ ನೋಡಿ. ಫ್ರಾಂಕ್ಲಿನ್ ರೂಸ್ವೆಲ್ಟ್ ತನ್ನ ಅವಧಿಯಲ್ಲಿ 635 ಮಸೂದೆಗಳನ್ನು ತಡೆದರು. ಅವುಗಳಲ್ಲಿ ಮೂರರಲ್ಲೆರಡು ಬಹುಮತದಿಂದ ಕಾಂಗ್ರೆಸ್ಸು ಮತ್ತೆ ಗೆಲ್ಲಿಸಿಕೊಂಡದ್ದು ಒಂಬತ್ತನ್ನು ಮಾತ್ರ. ಸೇನೆಯ ದಂಡನಾಯಕತ್ವ, ಕ್ಷಮಾದಾನ, ಮಂತ್ರಿಗಳನ್ನು ಮನೆಗೆ ಕಳಿಸುವ ಹಕ್ಕು ಎಲ್ಲವೂ ಆ ಹುದ್ದೆಗೆ ನಿಜವಾಗಿಯೇ ಸೇರಿವೆ. ಆದರೂ 1952ರಲ್ಲಿ ಟ್ರೂಮನ್ ಯುದ್ಧಕಾಲದ ಅಗತ್ಯವೆಂದು ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಂಡಾಗ, ಎರಡೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು, ಅವರು ಕಾರ್ಖಾನೆಗಳನ್ನು ಹಿಂದಿರುಗಿಸಿದರು. ಬಾದಶಹನ ಹುಕುಮಿನ ಮೇಲೆ ಹೀಗೆ ತಕರಾರು ಕೇಳುವ ಕಚೇರಿ ಇರಲಿಲ್ಲ. ಅಧ್ಯಕ್ಷನಿಗೂ ನಿರಂಕುಶ ರಾಜನಿಗೂ ಇರುವ ನಿಜವಾದ ಭೇದ ಇದು ಎಂದು ನಾನು ತಿಳಿದಿದ್ದೇನೆ.

ಇನ್ನು ನಮ್ಮ ರಾಷ್ಟ್ರಪತಿ. ಇವರು ಬರೀ ಉತ್ಸವಮೂರ್ತಿ ಎಂಬ ಮಾತಿಗೆ ಆಧಾರವಿಲ್ಲದಿಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಗೆ ಫಕ್ರುದ್ದೀನ್ ಅಲಿ ಅಹ್ಮದ್ ಸಹಿ ಹಾಕಿದಾಗ ಮಂತ್ರಿಮಂಡಲ ಇನ್ನೂ ಸೇರಿರಲೇ ಇಲ್ಲ, ಅದು ಸೇರಿದ್ದು ಮರುದಿನ ಬೆಳಿಗ್ಗೆ. ಮಂತ್ರಿಮಂಡಲದ ತೀರ್ಮಾನ ಎಲ್ಲಿದೆ ಎಂದು ಆ ರಾತ್ರಿ ಅವರು ಕೇಳಬಹುದಿತ್ತು. ಕೇಳಲಿಲ್ಲ. ಇಂಥ ಘೋಷಣೆಗೆ ಮಂತ್ರಿಮಂಡಲದ ಲಿಖಿತ ನಿರ್ಧಾರ ಬೇಕೇ ಬೇಕು ಎಂಬ ನಿಯಮ 44ನೆಯ ತಿದ್ದುಪಡಿಯಲ್ಲಿ ಬಂದದ್ದು ಈ ನೋವಿನ ನಂತರ.

ರಾಜರ ಹಣೆಬರಹವನ್ನು ರಾಷ್ಟ್ರಪತಿಯ ಸಹಿ ಬರೆದ ಸಂದರ್ಭವೂ ಉಂಟು. 1970ರ ಸೆಪ್ಟೆಂಬರಿನಲ್ಲಿ ರಾಜಧನದ, ಅಂದರೆ ಹಳೆಯ ಸಂಸ್ಥಾನಿಕರಿಗೆ ಸರ್ಕಾರ ವರ್ಷವರ್ಷವೂ ಕೊಡುತ್ತಿದ್ದ ಹಣದ, ರದ್ದತಿಯ ಮಸೂದೆ ರಾಜ್ಯಸಭೆಯಲ್ಲಿ ಕೂದಲೆಳೆಯ ಅಂತರದಿಂದ ಬಿದ್ದಾಗ, ಸರ್ಕಾರದ ಸಲಹೆಯಂತೆ ರಾಷ್ಟ್ರಪತಿ ವಿ. ವಿ. ಗಿರಿ ಎಲ್ಲ ಸಂಸ್ಥಾನಿಕರ ಮಾನ್ಯತೆಯನ್ನೂ ಆದೇಶದ ಮೂಲಕವೇ ತೆಗೆದುಹಾಕಿದರು. ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಮರುವರ್ಷ 26ನೆಯ ತಿದ್ದುಪಡಿ ಬಂದು ರಾಜಧನವೂ ಪದವಿಗಳೂ ಹೋದವು. ನಮ್ಮ ಮುಧೋಳ, ಜಮಖಂಡಿ, ರಾಮದುರ್ಗಗಳ ಅರಸುಮನೆತನಗಳಿಗೂ ಇದು ತಟ್ಟಿತು. ತಲೆತಲಾಂತರದ್ದು ಎಂದುಕೊಂಡಿದ್ದ ಪದವಿ ಕೊನೆಗೆ ಸರ್ಕಾರದ ಮಾನ್ಯತೆಯ ಮೇಲೆ ನಿಂತಿತ್ತು.

ಜಮಖಂಡಿಯ ಹೆಸರು ಬಂದಮೇಲೆ ಬಸಪ್ಪ ದಾನಪ್ಪ ಜತ್ತಿಯವರನ್ನು ನೆನೆಯದೆ ಮುಂದೆ ಹೋಗಲಾರೆ. ಈ ಪ್ರಶ್ನೆಯ ಎರಡೂ ಬದಿಯನ್ನು ಕಣ್ಣಾರೆ ಕಂಡವರು ನಮ್ಮ ಸೀಮೆಯಲ್ಲಿ ಅವರೊಬ್ಬರೇ. ಜಮಖಂಡಿ ತಾಲ್ಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಜಮಖಂಡಿಯಲ್ಲಿ ವಕೀಲಿ ಮಾಡಿ, ಪಟವರ್ಧನ ಅರಸರ ಸಂಸ್ಥಾನದಲ್ಲಿ ಮಂತ್ರಿಯೂ ಮುಖ್ಯಮಂತ್ರಿಯೂ ಆದವರು ಅವರು. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ಅಲ್ಲಿಂದ ಮುಂದೆ ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ, 1977ರ ಫೆಬ್ರುವರಿಯಲ್ಲಿ ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದಾಗ ಹಂಗಾಮಿ ರಾಷ್ಟ್ರಪತಿಯಾದರು. ಜುಲೈವರೆಗೆ ಆ ಹೊಣೆ ಅವರದಾಗಿತ್ತು. ಅರಸನ ಮಂತ್ರಿಯಾಗಿ ಸಲಹೆ ಕೊಟ್ಟವರು, ಈಗ ಮಂತ್ರಿಗಳ ಸಲಹೆ ಕೇಳುವ ಕುರ್ಚಿಯಲ್ಲಿ ಕುಳಿತರು.

ಆ ವರ್ಷದ ಏಪ್ರಿಲ್ ಕೊನೆಯಲ್ಲಿ, ಹೊಸದಾಗಿ ಬಂದ ಮೊರಾರ್ಜಿ ದೇಸಾಯಿಯವರ ಸರ್ಕಾರ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸುವಂತೆ ಅವರಿಗೆ ಸಲಹೆ ಕಳುಹಿಸಿತು. ಲೋಕಸಭೆಯಲ್ಲಿ ಸೋತ ಪಕ್ಷಕ್ಕೆ ಆ ರಾಜ್ಯಗಳಲ್ಲಿ ಜನಮನ್ನಣೆ ಉಳಿದಿಲ್ಲ ಎಂಬುದು ಸರ್ಕಾರದ ವಾದ. ಸುಪ್ರೀಂ ಕೋರ್ಟು ರಾಜ್ಯಗಳ ದಾವೆಗಳನ್ನು ಆಗಲೇ ವಜಾಮಾಡಿತ್ತು. ಜತ್ತಿಯವರು ಕೂಡಲೇ ಸಹಿ ಹಾಕಲಿಲ್ಲ. ದಿಲ್ಲಿಯಲ್ಲಿ ದೊಡ್ಡ ಗದ್ದಲವೆದ್ದಿತು. ಆಗ 42ನೆಯ ತಿದ್ದುಪಡಿ ಜಾರಿಯಲ್ಲಿತ್ತು. ರಾಷ್ಟ್ರಪತಿ ಸಲಹೆಯಂತೆ ನಡೆಯತಕ್ಕದ್ದು ಎಂದು ಅದು ಕಟ್ಟುನಿಟ್ಟಾಗಿ ಹೇಳಿತ್ತು, ಒಮ್ಮೆ ಮರಳಿಸುವ ದಾರಿಯೂ ಇರಲಿಲ್ಲ. ಸುಮಾರು ಒಂದು ದಿನ ತಡೆದು, ಏಪ್ರಿಲ್ 30ರಂದು ಅವರು ಸಹಿ ಹಾಕಿದರು. ಅವರು ಹಿಂದೆಮುಂದೆ ನೋಡಿದ್ದು ತಪ್ಪೆಂದು ಅನೇಕರು ಟೀಕಿಸಿದ್ದಾರೆ. ನಾನು ಹಾಗೆ ತಿಳಿಯುವುದಿಲ್ಲ. ಚುನಾಯಿತ ಒಂಬತ್ತು ಸಭೆಗಳನ್ನು ಒಂದೇ ಏಟಿಗೆ ಮುಗಿಸುವ ಕಾಗದದ ಮುಂದೆ ಒಂದು ದಿನ ಯೋಚಿಸುವುದು ಆ ಕುರ್ಚಿಯ ಕರ್ತವ್ಯವಾಗಿತ್ತು. ಸಹಿ ಹಾಕಿದ್ದೂ ಕರ್ತವ್ಯವೇ, ಏಕೆಂದರೆ ಚುನಾವಣೆಯಲ್ಲಿ ಜನರಿಗೆ ಉತ್ತರ ಹೇಳಬೇಕಾದವರು ಮಂತ್ರಿಗಳು.

ಹಾಗಾದರೆ ರಾಷ್ಟ್ರಪತಿಗೆ ಸ್ವಂತದ ಅಧಿಕಾರ ಎಲ್ಲಿದೆ? ಹೆಚ್ಚಾಗಿ, ಬಹುಮತ ಯಾರದೆಂದು ತಿಳಿಯದ ಗಳಿಗೆಯಲ್ಲಿ. 1979ರಲ್ಲಿ ನೀಲಂ ಸಂಜೀವ ರೆಡ್ಡಿಯವರು ಚರಣ್ ಸಿಂಗ್ ಅವರನ್ನು ಸರ್ಕಾರ ರಚಿಸಲು ಕರೆದರು. ಅವರು ಲೋಕಸಭೆಯನ್ನು ಎದುರಿಸದೆಯೇ ರಾಜೀನಾಮೆ ಕೊಟ್ಟಾಗ, ರೆಡ್ಡಿಯವರು ಜನತಾ ಪಕ್ಷದ ನಾಯಕ ಜಗಜೀವನ ರಾಮ್ ಅವರಿಗೆ ಅವಕಾಶ ಕೊಡದೆ ಸಭೆಯನ್ನು ವಿಸರ್ಜಿಸಿದರು. ಆ ತಿಂಗಳಲ್ಲಿ ರಾಷ್ಟ್ರಪತಿ ಭವನದ ಅಧಿಕಾರ ಅರಮನೆಯ ಅಧಿಕಾರಕ್ಕೆ ತೀರ ಸಮೀಪ ಬಂದಿತ್ತು, ಅದು ನನಗೆ ಒಳ್ಳೆಯದೆನಿಸುವುದಿಲ್ಲ. ಇನ್ನೊಂದು ಅಧಿಕಾರ ಸುಮ್ಮನಿರುವುದರಲ್ಲಿದೆ: ಮಸೂದೆಗೆ ಇಂತಿಷ್ಟು ದಿನದೊಳಗೆ ಅಂಕಿತ ಹಾಕಬೇಕೆಂದು 111ನೆಯ ವಿಧಿ ಹೇಳುವುದಿಲ್ಲ. ಜನರ ಪತ್ರಗಳನ್ನು ಒಡೆದು ನೋಡಲು ಸರ್ಕಾರಕ್ಕೆ ವಿಶಾಲ ಅವಕಾಶ ಕೊಡುವ ಅಂಚೆ ತಿದ್ದುಪಡಿ ಮಸೂದೆ 1986ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು ಜೈಲ್ ಸಿಂಗ್ ಅವರ ಬಳಿ ಬಂತು. ಅವರು ಸಹಿಯನ್ನೂ ಹಾಕಲಿಲ್ಲ, ಮರಳಿಸಲೂ ಇಲ್ಲ. ಆ ಮಸೂದೆ ಕಾನೂನಾಗಲೇ ಇಲ್ಲ.

1978ರ 44ನೆಯ ತಿದ್ದುಪಡಿ, ಜತ್ತಿಯವರಿಗೆ ಇಲ್ಲದಿದ್ದ ಒಂದು ದಾರಿಯನ್ನು ಅವರ ನಂತರದವರಿಗೆ ತೆರೆಯಿತು: ಸಲಹೆಯನ್ನು ಮರುಪರಿಶೀಲನೆಗೆಂದು ಒಂದು ಸಾರಿ ಹಿಂದಕ್ಕೆ ಕಳಿಸಬಹುದು, ಅದೇ ಸಲಹೆ ಮತ್ತೆ ಬಂದರೆ ಮಾತ್ರ ಒಪ್ಪಲೇಬೇಕು. ಇಂಥ ಒಂದು ಸಲಹೆ 1997ರ ಅಕ್ಟೋಬರಿನಲ್ಲಿ ಕೆ. ಆರ್. ನಾರಾಯಣನ್ ಅವರ ಮುಂದೆ ಬಂತು. ಉತ್ತರ ಪ್ರದೇಶದಲ್ಲಿ ಆಗಷ್ಟೇ ವಿಶ್ವಾಸಮತ ಗೆದ್ದಿದ್ದ ಸರ್ಕಾರವನ್ನು ತೆಗೆದು ರಾಷ್ಟ್ರಪತಿ ಆಳ್ವಿಕೆ ಹೇರಬೇಕೆಂದು ಗುಜ್ರಾಲ್ ಮಂತ್ರಿಮಂಡಲ ಶಿಫಾರಸು ಮಾಡಿತ್ತು. ನಾರಾಯಣನ್ ಅದನ್ನು ಮತ್ತೊಮ್ಮೆ ಯೋಚಿಸಿರೆಂದು ಮರಳಿಸಿದರು. ಮಂತ್ರಿಮಂಡಲ ಅದನ್ನೇ ಮತ್ತೆ ಕಳುಹಿಸಿದ್ದರೆ ಅವರು ಸಹಿ ಹಾಕಲೇಬೇಕಾಗಿತ್ತು. ಮಂತ್ರಿಗಳು ಕೂಡಿ ಮಾತನಾಡಿ ಶಿಫಾರಸನ್ನು ಕೈಬಿಟ್ಟರು. ಲಖನೌದ ಸರ್ಕಾರ ಉಳಿಯಿತು.