ಯುಕೆ ಕೆಲಸದ ವೀಸಾ: ಇಂಗ್ಲಿಷ್ ಪರೀಕ್ಷೆಗೆ ದುಡ್ಡು ಕಟ್ಟುವ ಮೊದಲು

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಯುಕೆಗೆ ಹೊರಡುವವರು ಮೊದಲು ಕೇಳುವುದು ‘ಎಷ್ಟು ಬ್ಯಾಂಡ್ ಬೇಕು?’ ಅಂತ (ಬ್ಯಾಂಡ್ ಅಂದರೆ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆಯ ಅಂಕ). ಅದಕ್ಕೂ ಮೊದಲು ಕೇಳಬೇಕಾದ್ದು ಎರಡಿವೆ: ನನಗೆ ಪರೀಕ್ಷೆ ಬೇಕೋ ಬೇಡವೋ? ಬೇಕಾದರೆ ಯಾವುದು? ಅಂಕ ಸಾಕಷ್ಟು ತೆಗೆದೂ ತಪ್ಪು ಪರೀಕ್ಷೆ ಬರೆದದ್ದಕ್ಕೆ ದುಡ್ಡು ನೀರಲ್ಲಿ ಹೋಮ ಆಗುವುದುಂಟು.

ಮೊದಲು ನಿಯಮ. ಸ್ಕಿಲ್ಡ್ ವರ್ಕರ್ (ನುರಿತ ಕೆಲಸಗಾರರ) ವೀಸಾಕ್ಕೆ ಹೊಸದಾಗಿ ಅರ್ಜಿ ಹಾಕುವವರಿಗೆ 2026ರ ಜನವರಿ 8ರಿಂದ ಯುರೋಪಿನ ಭಾಷಾ ಅಳತೆಗೋಲಿನ ಬಿ2 ಮಟ್ಟದ ಇಂಗ್ಲಿಷ್ ಬೇಕು. ಅದಕ್ಕೆ ಮುಂಚೆ ಒಂದು ಮೆಟ್ಟಿಲು ಕೆಳಗಿನ ಬಿ1 ಸಾಕಿತ್ತು. ಐಇಎಲ್‌ಟಿಎಸ್ ಲೆಕ್ಕದಲ್ಲಿ ಬಿ1 ಅಂದರೆ 4.0, ಬಿ2 ಅಂದರೆ 5.5. ಯೂಟ್ಯೂಬ್‌ನಲ್ಲಿ ‘ನಾಲ್ಕು ಬ್ಯಾಂಡ್ ಸಾಕು’ ಅನ್ನುವ ಹಳೇ ವಿಡಿಯೋಗಳು ಇನ್ನೂ ಓಡುತ್ತಿವೆ, ನಂಬಬೇಡಿ. ಈಗಾಗಲೇ ಬಿ1 ತೋರಿಸಿ ಅದೇ ವೀಸಾದಲ್ಲಿ ಅಲ್ಲಿರುವವರು ಅವಧಿ ವಿಸ್ತರಿಸಿಕೊಳ್ಳುವಾಗ ಈ ಹೊಸ ಮಟ್ಟ ಅನ್ವಯಿಸುವುದಿಲ್ಲ.

5.5 ಅನ್ನುವುದು ಸರಾಸರಿ ಅಲ್ಲ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕರಲ್ಲೂ ಬಿಡಿಬಿಡಿಯಾಗಿ ಬರಬೇಕು. ಒಟ್ಟು 6.5 ಬಂದು ಬರವಣಿಗೆಯಲ್ಲಿ 5 ಬಂದರೆ ಆ ಫಲಿತಾಂಶ ಈ ವೀಸಾಕ್ಕೆ ನಡೆಯುವುದಿಲ್ಲ.

ಇನ್ನು ಪರೀಕ್ಷೆಯ ಹೆಸರು. ‘ಐಇಎಲ್‌ಟಿಎಸ್’ ಬೇರೆ, ‘ಐಇಎಲ್‌ಟಿಎಸ್ ಫಾರ್ ಯುಕೆವಿಐ’ ಬೇರೆ (ಯುಕೆವಿಐ ಅಂದರೆ ಯುಕೆಯ ವೀಸಾ, ವಲಸೆ ವಿಭಾಗ). ಪ್ರಶ್ನೆಗಳ ಮಾದರಿ, ಮೌಲ್ಯಮಾಪನ ಒಂದೇ. ಆದರೆ ಎರಡನೆಯದು ಬ್ರಿಟಿಷ್ ಗೃಹ ಇಲಾಖೆ ಒಪ್ಪಿದ ಸುರಕ್ಷಿತ ಕೇಂದ್ರದಲ್ಲಿ ನಡೆಯುತ್ತದೆ. ವೀಸಾ ಅರ್ಜಿಯಲ್ಲಿ ಪರೀಕ್ಷೆಯ ಉಲ್ಲೇಖ ಸಂಖ್ಯೆ ಕೇಳುತ್ತಾರೆ, ಇಲಾಖೆ ಅದರಿಂದಲೇ ಫಲಿತಾಂಶ ತಾಳೆ ನೋಡುತ್ತದೆ. ಮಾಮೂಲಿ ಐಇಎಲ್‌ಟಿಎಸ್‌ನಲ್ಲಿ 8 ಬಂದಿದ್ದರೂ ಇಲ್ಲಿ ಲೆಕ್ಕಕ್ಕಿಲ್ಲ. ಬುಕಿಂಗ್ ಪುಟದಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ, ಯುಕೆವಿಐ ಶುಲ್ಕ ಸ್ವಲ್ಪ ಜಾಸ್ತಿ. ಕಡಿಮೆ ದರದ್ದನ್ನು ಒತ್ತಿಬಿಟ್ಟರೆ ಕೆಟ್ಟಿರಿ. ಪಿಯರ್ಸನ್ ಕಂಪನಿಯವರ ಪಿಟಿಇ ಅನ್ನುವ ಇನ್ನೊಂದು ಇಂಗ್ಲಿಷ್ ಪರೀಕ್ಷೆಯಲ್ಲೂ ಇದೇ ಕತೆ: ‘ಪಿಟಿಇ ಅಕಾಡೆಮಿಕ್ ಯುಕೆವಿಐ’ ಅಂತಲೇ ಇರಬೇಕು, ನಾಲ್ಕರಲ್ಲೂ 59 ಬೇಕು.

ಇಂಗ್ಲಿಷ್ ಮಾಧ್ಯಮದಲ್ಲಿ ಡಿಗ್ರಿ ಮಾಡಿದವರಿಗೆ ಪರೀಕ್ಷೆ ಬೇಡದೆಯೂ ಇರಬಹುದು. ಎಕ್ಟಿಸ್ ಅನ್ನುವ ಬ್ರಿಟಿಷ್ ಸಂಸ್ಥೆಗೆ ಆನ್‌ಲೈನ್ ಅರ್ಜಿ ಹಾಕಿದರೆ, ನಿಮ್ಮ ಡಿಗ್ರಿ ಅಲ್ಲಿನ ಬ್ಯಾಚುಲರ್ ಡಿಗ್ರಿಗೆ ಸಮವೇ, ಕಲಿಸಿದ್ದು ಇಂಗ್ಲಿಷಿನಲ್ಲೇ ಅನ್ನುವ ಎರಡನ್ನೂ ನೋಡಿ ಪತ್ರ ಕೊಡುತ್ತದೆ. ವೀಸಾ ಅರ್ಜಿಗೆ ಬೇಕಾದ್ದು ಅವರ ‘ವೀಸಾ ಅಂಡ್ ನ್ಯಾಷನಾಲಿಟಿ’ ಸೇವೆ. ಬರೀ ಡಿಗ್ರಿ ಹೋಲಿಕೆಯ ಪತ್ರ ತಂದರೆ ಅರ್ಧ ಕೆಲಸವಷ್ಟೇ. ಪದವಿ ಪ್ರಮಾಣಪತ್ರ, ಅಂಕಪಟ್ಟಿಗಳ ಜೊತೆ ‘ಬೋಧನಾ ಮಾಧ್ಯಮ ಇಂಗ್ಲಿಷ್’ ಅನ್ನುವ ಅಧಿಕೃತ ಪತ್ರ ಇಟ್ಟುಕೊಳ್ಳಿ. ನಮ್ಮ ಜಿಲ್ಲೆಯಲ್ಲಿ ಎಂಜಿನಿಯರಿಂಗ್ ಓದಿದವರು ವಿಟಿಯು, ಬಿಎಸ್‌ಸಿ, ಬಿಕಾಂನವರಲ್ಲಿ ಹೆಚ್ಚಿನವರು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ನರ್ಸಿಂಗ್‌ನವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾಲೇಜಿನ ಪ್ರಿನ್ಸಿಪಾಲರ ಪತ್ರ ಬೇಗ ಸಿಗುತ್ತದೆ, ಆದರೆ ಪದವಿ ಕೊಟ್ಟದ್ದು ವಿಶ್ವವಿದ್ಯಾಲಯ. ಎರಡು ಸಲ ಓಡಾಡುವ ಬದಲು ವಿಶ್ವವಿದ್ಯಾಲಯದಿಂದಲೇ ಬರೆಸಿ ತನ್ನಿ: ಲೆಟರ್‌ಹೆಡ್, ಕೋರ್ಸಿನ ಹೆಸರು, ರಿಜಿಸ್ಟರ್ ನಂಬರ್, ಓದಿದ ವರ್ಷಗಳು, ಸಹಿ, ಸೀಲು. ಬಿಎ ಪರೀಕ್ಷೆಯನ್ನು ಕನ್ನಡದಲ್ಲಿ ಬರೆದವರಿಗೆ ಈ ದಾರಿ ಇಲ್ಲ. ‘ಹೇಗೋ ಒಂದು ಪತ್ರ ಮಾಡಿಸಿಕೊಡ್ತೇನೆ’ ಅನ್ನುವವರ ಹತ್ತಿರ ಹೋಗಬೇಡಿ. ಸುಳ್ಳು ದಾಖಲೆ ಸಿಕ್ಕಿಬಿದ್ದರೆ ವೀಸಾ ತಿರಸ್ಕಾರವಷ್ಟೇ ಅಲ್ಲ, 10 ವರ್ಷ ಬಾಗಿಲು ಮುಚ್ಚಬಹುದು.

ನರ್ಸ್, ಮಿಡ್‌ವೈಫ್, ಡಾಕ್ಟರ್, ಡೆಂಟಿಸ್ಟ್, ಪಶುವೈದ್ಯರ ದಾರಿ ಬೇರೆ. ಅಲ್ಲಿನ ವೃತ್ತಿ ಮಂಡಳಿ ಒಪ್ಪಿದ ಇಂಗ್ಲಿಷ್ ಪರೀಕ್ಷೆ ಪಾಸಾಗಿದ್ದರೆ ವೀಸಾಕ್ಕೆ ಇನ್ನೊಂದು ಬರೆಯಬೇಕಿಲ್ಲ. ಹಾಗಂತ ಸುಲಭ ಅಂದುಕೊಳ್ಳಬೇಡಿ. ನರ್ಸಿಂಗ್ ಮಂಡಳಿ ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಮೂರರಲ್ಲಿ 7, ಬರವಣಿಗೆಯಲ್ಲಿ 6.5 ಕೇಳುತ್ತದೆ, ಆರೋಗ್ಯ ವೃತ್ತಿಯವರಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಒಇಟಿ ಆದರೆ ಮೂರರಲ್ಲಿ ಬಿ ಗ್ರೇಡ್, ಬರವಣಿಗೆಯಲ್ಲಿ ಸಿ ಪ್ಲಸ್. ವಾರ್ಡಿನಲ್ಲಿ ಕೆಲಸ ಮಾಡಿದವರಿಗೆ ಒಇಟಿ ಒಗ್ಗುತ್ತದೆ, ಯಾಕೆಂದರೆ ಅಲ್ಲಿ ಬರೆಯಬೇಕಾದ್ದು ರೋಗಿಯ ಕೇಸ್ ನೋಟ್ಸ್ ನೋಡಿ ರೆಫರಲ್ ಪತ್ರ. ಫಿಸಿಯೋಥೆರಪಿ, ರೇಡಿಯೋಗ್ರಫಿಯವರು ಮಾತ್ರ ಈ ವಿನಾಯಿತಿ ಪಟ್ಟಿಯಲ್ಲಿಲ್ಲ. ಅವರ ಮಂಡಳಿಗೆ ಒಟ್ಟು 7, ಯಾವುದರಲ್ಲೂ 6.5ಕ್ಕಿಂತ ಕಮ್ಮಿ ಇರಬಾರದು. ವೀಸಾಕ್ಕೆ ಪುರಾವೆ ಪ್ರತ್ಯೇಕ. ಪರೀಕ್ಷೆಯ ದಾರಿಯಲ್ಲೇ ಹೋಗುವುದಾದರೆ ಅಕಾಡೆಮಿಕ್‌ನ ಯುಕೆವಿಐ ರೂಪವನ್ನೇ ಬರೆದರೆ ಎರಡಕ್ಕೂ ಆಯಿತು.

ಕೇರ್ ವರ್ಕರ್ ಕೆಲಸಕ್ಕೆ ವಿದೇಶದಿಂದ ಕರೆಸಿಕೊಳ್ಳುವುದು 2025ರ ಜುಲೈ 22ಕ್ಕೇ ನಿಂತಿದೆ. ಆ ಹೆಸರಿನಲ್ಲಿ ಈಗಲೂ ಕೋಚಿಂಗ್ ಪ್ಯಾಕೇಜ್ ಮಾರುವವರ ಫೋನ್ ಎತ್ತಬೇಡಿ.

ಪರೀಕ್ಷೆಯ ಒಳಗೆ ಎಡವುವುದು ಎಲ್ಲಿ? ಸ್ಕಿಲ್ಡ್ ವರ್ಕರ್ ವೀಸಾಕ್ಕೆ ಐಇಎಲ್‌ಟಿಎಸ್ ಫಾರ್ ಯುಕೆವಿಐನ ಅಕಾಡೆಮಿಕ್, ಜನರಲ್ ಟ್ರೇನಿಂಗ್ ಎರಡೂ ರೂಪಗಳು ನಡೆಯುತ್ತವೆ. ಜನರಲ್ ಸುಲಭ ಅನ್ನುವ ಮಾತು ಅರ್ಧ ಸತ್ಯ. ಓದುವ ಭಾಗದ 40 ಪ್ರಶ್ನೆಗಳಲ್ಲಿ ಅಕಾಡೆಮಿಕ್‌ಗೆ ಸುಮಾರು 23 ಸರಿಯಾದರೆ 6 ಬ್ಯಾಂಡ್. ಜನರಲ್‌ನಲ್ಲಿ ಅದೇ 6ಕ್ಕೆ ಸುಮಾರು 30 ಬೇಕು. ಕೇಳುವ ಭಾಗದಲ್ಲಿ ‘ಎರಡು ಪದ ಮೀರಬಾರದು’ ಅಂದ ಕಡೆ ಮೂರು ಬರೆದರೆ ಉತ್ತರ ಗೊತ್ತಿದ್ದೂ ಸೊನ್ನೆ, ಸ್ಪೆಲಿಂಗ್ ತಪ್ಪಿದರೂ ಸೊನ್ನೆ.

ಬರವಣಿಗೆಯೇ ನಮ್ಮವರಿಗೆ ಹೆಚ್ಚು ಕೈಕೊಡುವುದು. 60 ನಿಮಿಷ, ಎರಡು ಬರಹ: 150 ಪದದ್ದೊಂದು, 250 ಪದದ್ದೊಂದು. ಎರಡನೆಯದಕ್ಕೆ ದುಪ್ಪಟ್ಟು ತೂಕ, ಆದ್ದರಿಂದ 40 ನಿಮಿಷ ಅದಕ್ಕೇ ಮೀಸಲಿಡಿ. ಜನರಲ್‌ನಲ್ಲಿ ಮೊದಲನೆಯದು ಪತ್ರ. ಬಸ್ಸಿನಲ್ಲಿ ಬ್ಯಾಗ್ ಬಿಟ್ಟಿದ್ದೀರಿ, ಸಾರಿಗೆ ಕಚೇರಿಗೆ ಬರೆಯಿರಿ: ಯಾವ ಬಸ್ಸು, ಬ್ಯಾಗಿನಲ್ಲೇನಿತ್ತು, ಅವರೇನು ಮಾಡಬೇಕು, ಈ ಥರ ಮೂರು ಅಂಶ ಕೊಟ್ಟಿರುತ್ತಾರೆ. ಹೈಸ್ಕೂಲಿನ ರಜಾ ಅರ್ಜಿಯ ಚಾಳಿಯಲ್ಲಿ ಫ್ರಮ್, ಟು, ಸಬ್ಜೆಕ್ಟ್, ‘ರೆಸ್ಪೆಕ್ಟೆಡ್ ಸರ್, ವಿತ್ ರೆಫರೆನ್ಸ್ ಟು ದಿ ಅಬೌ ಸಬ್ಜೆಕ್ಟ್’ ಅಂತ ಶುರು ಮಾಡಿದರೆ ಸಮಯ ದಂಡ. ವಿಳಾಸ ಬೇಡ ಅಂತ ಪ್ರಶ್ನೆಯಲ್ಲೇ ಬರೆದಿರುತ್ತದೆ, ‘ಡಿಯರ್ ಸರ್ ಆರ್ ಮೇಡಮ್’ ಸಾಕು. ಮೊದಲೆರಡು ಅಂಶ ಉದ್ದ ಎಳೆದು ಮೂರನೆಯದನ್ನು ಒಂದು ಸಾಲಿನಲ್ಲಿ ಮುಗಿಸುವುದು ಇನ್ನೊಂದು ರೋಗ. ಒಂದೊಂದಕ್ಕೆ ಮೂರು ವಾಕ್ಯ ಕೊಡಿ. ‘ಎ’, ‘ದಿ’ ಬಿಡುವುದು, ಬಹುವಚನದ ‘ಎಸ್’ ನುಂಗುವುದು ಕನ್ನಡ, ಕೊಂಕಣಿ ಮನೆಮಾತಿನವರಿಗೆ ಸಹಜ. ಕೊನೆಯ ಐದು ನಿಮಿಷ ಇವೆರಡನ್ನೇ ಹುಡುಕಿ ತಿದ್ದಿ.

ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಉಚ್ಚಾರಣೆಗೂ ಅಂಕ ಇದೆ, ಆದರೆ ನಮ್ಮೂರಿನ ಧಾಟಿಯಲ್ಲಿ ಮಾತಾಡಿದ್ದಕ್ಕೆ ಯಾರೂ ಅಂಕ ಕಡಿಯುವುದಿಲ್ಲ, ಸ್ಪಷ್ಟವಾಗಿ ಅರ್ಥವಾಗಬೇಕು. ಬಾಯಿಪಾಠವನ್ನು ಮಾತ್ರ ಪರೀಕ್ಷಕರು ತಕ್ಷಣ ಹಿಡಿಯುತ್ತಾರೆ. ನಡುವೆ ಒಂದು ವಿಷಯ ಕೊಟ್ಟು, ಒಂದು ನಿಮಿಷ ತಯಾರಿಗೆ ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಿಸುತ್ತಾರೆ. ‘ನಿಮ್ಮೂರಿನ ಒಂದು ಸುದ್ದಿ’ ಅಂದರೆ ಕಾರವಾರದವರು 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೇ ಸೇತುವೆ ಕುಸಿದದ್ದನ್ನು ಹೇಳಬಹುದು. ತಯಾರಿಯ ನಿಮಿಷದಲ್ಲಿ ಪೂರ್ತಿ ವಾಕ್ಯ ಬರೆಯಬೇಡಿ, ನಾಲ್ಕು ಪದ ಗೀಚಿ: ರಾತ್ರಿ, ಲಾರಿ, ಚಾಲಕನನ್ನು ಎತ್ತಿದ್ದು, ಹೊಸ ಸೇತುವೆ. ಆದದ್ದೆಲ್ಲ ಭೂತಕಾಲದಲ್ಲಿ, ಈಗಿನ ಸ್ಥಿತಿ ವರ್ತಮಾನದಲ್ಲಿ ಬರಲಿ. ಎರಡನ್ನೂ ಬೆರೆಸದಿದ್ದರೆ ವ್ಯಾಕರಣದ ಅಂಕಕ್ಕೆ ಅದೇ ಆಸರೆ. ಪಿಟಿಇಯಲ್ಲಿ ಎದುರಿಗೆ ಮನುಷ್ಯರಿಲ್ಲ, ಕಂಪ್ಯೂಟರ್; ಮೂರು ಸೆಕೆಂಡ್ ಸುಮ್ಮನಾದರೆ ಮೈಕ್ ನಿಂತುಹೋಗುತ್ತದೆ. ಯೋಚಿಸಿ ಯೋಚಿಸಿ ಮಾತಾಡುವವರಿಗೆ ಅದು ಬೇಡ.

ನೋಂದಣಿಯಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ, ಅಕ್ಷರಕ್ಕೆ ಅಕ್ಷರ. ನಮ್ಮಲ್ಲಿ ನಾಯ್ಕ-ನಾಯಕ, ಹೆಗಡೆ-ಹೆಗ್ಡೆ, ಗಾಂವಕರ-ಗಾಂವ್ಕರ್ ಅಂತ ಒಂದೇ ಮನೆಯಲ್ಲಿ ಎರಡೆರಡು ಸ್ಪೆಲಿಂಗ್ ಇರುತ್ತವೆ. ಅಂಕಪಟ್ಟಿಯಲ್ಲಿ ಬರೀ ಇನಿಶಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ. ಪರೀಕ್ಷೆಗೆ ಪಾಸ್‌ಪೋರ್ಟೇ ಪ್ರಮಾಣ, ಅದೂ ಮೂಲ ಪ್ರತಿ. ಎಕ್ಟಿಸ್‌ಗೆ ಹೋಗುವವರು ಎರಡೂ ಹೆಸರು ಒಬ್ಬರದೇ ಅನ್ನುವ ದಾಖಲೆ ಮೊದಲೇ ಮಾಡಿಸಿಡಿ.

ಯುಕೆವಿಐ ಪರೀಕ್ಷೆಗೆ ಬೆಂಗಳೂರಿಗೆ ಹೋಗುವುದಾದರೆ ಕರಾವಳಿಯವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ಇದೆ. ಬೆಳಿಗ್ಗೆ ಇಳಿದು ನೇರ ಪರೀಕ್ಷಾ ಕೇಂದ್ರಕ್ಕೆ ಓಡುವ ಲೆಕ್ಕ ಮಳೆಗಾಲದಲ್ಲಿ ಹಾಕಬೇಡಿ. 2024ರ ಜುಲೈನಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದಾಯಿತು, ಅದೇ ತಿಂಗಳು ಸಕಲೇಶಪುರ ಘಾಟಿಯ ರೈಲು ಹಳಿಯೂ. ರೈಲು ತಪ್ಪಿತೆಂದು ಪರೀಕ್ಷೆಯ ಶುಲ್ಕ ವಾಪಸ್ ಬರುವುದಿಲ್ಲ. ಹಿಂದಿನ ದಿನವೇ ಹೋಗಿ ಉಳಿಯಿರಿ.

ಫಲಿತಾಂಶ 2 ವರ್ಷ ನಡೆಯುತ್ತದೆ. ಕಂಪನಿ ಕೊಡುವ ಸ್ಪಾನ್ಸರ್‌ಶಿಪ್ ಪ್ರಮಾಣಪತ್ರವನ್ನು ಮಾತ್ರ 3 ತಿಂಗಳಲ್ಲಿ ಬಳಸಬೇಕು. ಆದ್ದರಿಂದ ಇಂಗ್ಲಿಷ್ ಮೊದಲು ಮುಗಿಸಿ. 6 ತಿಂಗಳಷ್ಟೇ ನಡೆಯುವ ಟಿಬಿ ತಪಾಸಣೆಯನ್ನು ಆಫರ್ ಕೈಗೆ ಬಂದ ಮೇಲೆ ಮಾಡಿಸಿ.