ಆರು ವರ್ಷದ ಲೆಕ್ಕ

2006ರ ಮೇ ತಿಂಗಳಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ತರಲು ನಮ್ಮ ಶಾಲೆಗೆ ಹೋದಾಗ ಅಪ್ಪನೂ ಜೊತೆಗೆ ಬಂದಿದ್ದರು. ಅವರು ಪೀಣ್ಯದಲ್ಲಿ ಲೇತ್ ಆಪರೇಟರ್. ನನಗೆ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಬೇಕು, ಅದೂ ಕೆ.ಆರ್. ಸರ್ಕಲ್‌ನ ಯುವಿಸಿಇಯಲ್ಲೇ ಓದಬೇಕು ಅಂತ ಹಟ. 1917ರಲ್ಲಿ ವಿಶ್ವೇಶ್ವರಯ್ಯನವರು ಶುರು ಮಾಡಿಸಿದ ಕಾಲೇಜು, ಫೀಸೂ ಕಡಿಮೆ. ಸೀಟು ಸಿಗೋದು ಮಾತ್ರ ಕಷ್ಟ.

ಪಿಯುಸಿ ಸೈನ್ಸ್ ತಗೊಂಡು ಸಿಇಟಿ ಬರೆಯೋದೇ ದಾರಿ ಅಂತ ಎಲ್ಲರೂ ಹೇಳುತ್ತಿದ್ದರು. ಸಿಇಟಿ ಜೊತೆಗೆ ಟ್ಯೂಷನ್ ಖರ್ಚು ಬರುತ್ತೆ, ಅದು ನಮ್ಮ ಮನೆಗೆ ಆಗುವಂಥದ್ದಲ್ಲ. ಕಾಮೆಡ್-ಕೆ ಬರೆದು ಸೀಟು ಸಿಕ್ಕರೂ ಖಾಸಗಿ ಕಾಲೇಜಿನ ಫೀಸು ಕಟ್ಟೋರು ಯಾರು? ಮ್ಯಾನೇಜ್‌ಮೆಂಟ್ ಸೀಟಿನ ಮಾತೇ ಬೇಡ.

ಅವತ್ತು ಲೆಕ್ಕದ ಮೇಷ್ಟ್ರು ನಮ್ಮಿಬ್ಬರನ್ನೂ ಖಾಲಿ ಕ್ಲಾಸಿಗೆ ಕರೆದುಕೊಂಡು ಹೋಗಿ ಬೋರ್ಡ್ ಮೇಲೆ ಎರಡೇ ಸಾಲು ಬರೆದರು. ಪಿಯುಸಿ 2, ಬಿಇ 4. ಡಿಪ್ಲೊಮಾ 3, ಲ್ಯಾಟರಲ್ ಎಂಟ್ರಿಯಲ್ಲಿ ನೇರ ಎರಡನೇ ವರ್ಷಕ್ಕೆ ಸೇರಿ 3. ಎರಡೂ ಆರೇ. "ನೆಂಟರು ಡಿಪ್ಲೊಮಾ ಅಂದ್ರೆ ಮೂಗು ಮುರೀತಾರೆ ಸಾರ್" ಅಂದರು ಅಪ್ಪ. "ಮುರೀಲಿ ಬಿಡಿ. ಮಧ್ಯದಲ್ಲಿ ನಿಲ್ಲಿಸಬೇಕಾಗಿ ಬಂದರೂ ಹುಡುಗನ ಕೈಲಿ ಒಂದು ಕೆಲಸ ಇರುತ್ತೆ. ಆದರೆ ಲ್ಯಾಟರಲ್ ಸೀಟು ತುಂಬಾ ಕಮ್ಮಿ, ಅದು ನೆನಪಿರಲಿ" ಅಂದರು ಮೇಷ್ಟ್ರು.

ಹಾಗೆ ಸರ್ಕಾರಿ ಪಾಲಿಟೆಕ್ನಿಕ್ ಸೇರಿದೆ. ಮೊದಲ ವರ್ಷದ ಫಿಟ್ಟಿಂಗ್ ಶಾಪ್ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಕಬ್ಬಿಣದ ತುಂಡನ್ನು ವೈಸ್‌ಗೆ ಬಿಗಿದು ಅರ ಹಿಡಿದು ಉಜ್ಜೋದು, ಆಮೇಲೆ ಮೂಲೆ ನೇರ ಇದೆಯಾ ಅಂತ ನೋಡೋ ಟ್ರೈ ಸ್ಕ್ವೇರ್ ಇಟ್ಟು ಕಿಟಕಿ ಕಡೆ ಎತ್ತಿ ಹಿಡಿಯೋದು. ಸಂದಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡರೂ ಮತ್ತೆ ಉಜ್ಜಬೇಕು. ಅಂಗೈಯಲ್ಲಿ ಬೊಬ್ಬೆ ಬಂದಿತ್ತು. ಸಂಜೆ ಅಪ್ಪ ಕೈ ನೋಡಿ ಏನೂ ಹೇಳಲಿಲ್ಲ, ಕೊಬ್ಬರಿ ಎಣ್ಣೆ ತಂದು ಹಚ್ಚಿದರು.

2009ರಲ್ಲಿ ಲ್ಯಾಟರಲ್ ಎಂಟ್ರಿಗಾಗಿ ಡಿಪ್ಲೊಮಾ ಸಿಇಟಿ ಬರೆದೆ. ಮಲ್ಲೇಶ್ವರಂನಲ್ಲಿ ಕೌನ್ಸೆಲಿಂಗ್, ನನ್ನ ಸರದಿ ಬರೋವರೆಗೂ ಯುವಿಸಿಇ ಸೀಟು ಉಳಿಯುತ್ತಾ ಅಂತ ಒಂದೇ ಸಮನೆ ಎದೆ ಹೊಡೆದುಕೊಳ್ಳುತ್ತಿತ್ತು. ಉಳಿದಿತ್ತು.

ಆ ಎರಡು ಸಾಲಿನ ಲೆಕ್ಕದಲ್ಲಿ ಇಲ್ಲದ ಒಂದು ವಿಷಯ ಬಿಇ ಮೂರನೇ ಸೆಮಿಸ್ಟರ್‌ನಲ್ಲಿ, ಅಂದರೆ ನಾವು ಸೇರಿದ ಮೊದಲ ಸೆಮಿಸ್ಟರ್‌ನಲ್ಲೇ ಎದುರಾಯಿತು. ಬಿಇ ಮೊದಲ ವರ್ಷದ ಗಣಿತ ನಾವು ಲ್ಯಾಟರಲ್‌ನವರು ಓದಿಯೇ ಇರಲಿಲ್ಲ. ಮೇಡಂ ಫೋರಿಯರ್ ಸರಣಿ ಶುರು ಮಾಡಿ "ಇಂಟಿಗ್ರೇಷನ್ ನಿಮಗೆ ಗೊತ್ತಲ್ವಾ" ಅಂತ ಮುಂದೆ ಹೋಗಿಬಿಡೋರು. ವರ್ಕ್‌ಶಾಪ್, ಡ್ರಾಯಿಂಗ್, ಮಷಿನ್ ಲ್ಯಾಬ್‌ನಲ್ಲಿ ಪಿಯುಸಿಯಿಂದ ಬಂದವರು ನಮ್ಮನ್ನು ಕೇಳುತ್ತಿದ್ದರು, ಗಣಿತದ ಕ್ಲಾಸಿನಲ್ಲಿ ನಾವು ಅವರ ಪುಸ್ತಕ ನೋಡುತ್ತಿದ್ದೆವು. ಮೊದಲ ಟೆಸ್ಟ್‌ನಲ್ಲಿ ಫೇಲಾದೆ. ಬೇರೆ ದಾರಿ ಕಾಣದೆ ಒಂದು ಭಾನುವಾರ ಮೇಷ್ಟ್ರ ಮನೆಗೆ ಹೋದೆ.

ಅವರು ನನ್ನ ಟೆಸ್ಟ್ ಪೇಪರ್ ಪೂರ್ತಿ ನೋಡಿದರು. "ಇದನ್ನ ಅವತ್ತು ನಿಮ್ಮಪ್ಪನಿಗೆ ಹೇಳಬೇಕಿತ್ತು ಕಣೋ, ನನಗೇ ಹೊಳೀಲಿಲ್ಲ" ಅಂದರು. ಆಮೇಲೆ ನಾಲ್ಕು ತಿಂಗಳು ಪ್ರತಿ ಭಾನುವಾರ ಬೆಳಗ್ಗೆ ಅವರ ಮನೆಯ ಜಗಲಿಯಲ್ಲಿ ಪಾಠ. ಒಂದು ರೂಪಾಯಿ ತಗೊಳ್ಳಲಿಲ್ಲ. ನಡುವೆ ಅವರ ಮನೆಯವರು ಉಪ್ಪಿಟ್ಟು ತಂದಿಡೋರು.

ಈಗ ಹತ್ತನೇ ಕ್ಲಾಸಿನಲ್ಲಿದ್ದು ಡಿಪ್ಲೊಮಾ ಕಡೆ ಯೋಚಿಸುತ್ತಿರುವ ನಮ್ಮ ಶಾಲೆಯ ಮಕ್ಕಳಿಗೆ ನಾನು ಹೇಳೋದು ಇಷ್ಟೇ. ಭಯ ಬೇಡ, ಧೈರ್ಯವಾಗಿ ಹೋಗಿ. ಆದರೆ ಡಿಪ್ಲೊಮಾ ಕೊನೆಯ ವರ್ಷದಲ್ಲೇ ಇಂಟಿಗ್ರೇಷನ್ ಗಟ್ಟಿ ಮಾಡಿಕೊಳ್ಳಲು ಶುರು ಮಾಡಿ. ಮೇಷ್ಟ್ರು ಆ ಭಾನುವಾರಗಳಲ್ಲಿ ಬರೆಸಿದ ನೋಟ್ಸನ್ನು ಜೆರಾಕ್ಸ್ ಮಾಡಿಸಿ ಶಾಲೆಯ ಲೈಬ್ರರಿಗೆ ಕೊಟ್ಟಿದ್ದೇನೆ. ಹಸಿರು ಬೈಂಡಿನದು, ಕೇಳಿ ತಗೊಳ್ಳಿ.