ಜಿಪಿಯು ರೀಸೆಟ್: ಮೊದಲು ನಿಲ್ಲಿಸಿ, ಆಮೇಲೆ ನಿರ್ಧರಿಸಿ

ಲಿನಕ್ಸ್ ಕರ್ನಲ್‌ನ ಹಲವು ಗ್ರಾಫಿಕ್ಸ್ ಡ್ರೈವರ್‌ಗಳು ಬಳಸುವ ಡಿಆರ್‌ಎಂ ಶೆಡ್ಯೂಲರ್ (ಕೆಲಸಗಳನ್ನು ಸರದಿಯಂತೆ ಚಿಪ್‌ಗೆ ಕೊಡುವ ಕೋಡ್), ಗ್ರಾಫಿಕ್ಸ್ ಚಿಪ್‌ಗೆ (ಜಿಪಿಯು) ಕಳುಹಿಸಿದ ಜಾಬ್‌ಗಳ, ಅಂದರೆ ಕೆಲಸಗಳ, ಮೇಲೆ ಗಡುವಿನ ಕಾವಲು ಇಡುತ್ತದೆ. ಮಾಲಿ ಚಿಪ್‌ಗಳ ಪ್ಯಾನ್‌ಫ್ರಾಸ್ಟ್ ಡ್ರೈವರ್‌ನಲ್ಲಿ ಅದು 500 ಮಿಲಿಸೆಕೆಂಡ್. ಗಡುವು ಮೀರಿದರೆ ಅದನ್ನು ನಿಭಾಯಿಸುವ ಕೋಡ್, ಅಂದರೆ ಟೈಮ್‌ಔಟ್ ಹ್ಯಾಂಡ್ಲರ್, ಚಿಪ್‌ನ ರೀಸೆಟ್‌ಗೆ ಮುಂದಾಗುತ್ತದೆ. ಆದರೆ ಗಡುವು ಮೀರಿದ ಮಾತ್ರಕ್ಕೆ ಜಾಬ್ ಸಿಕ್ಕಿಹಾಕಿಕೊಂಡಿದೆ ಎಂದು ಹೇಳಲಾಗದು. ಹ್ಯಾಂಡ್ಲರ್ ಹೊರಟ ಕ್ಷಣದಲ್ಲೇ ಚಿಪ್ ಕೆಲಸ ಮುಗಿಸಿ ಇಂಟರಪ್ಟ್ (ಪ್ರೊಸೆಸರ್‌ಗೆ ಸೂಚನೆ) ಕೊಡಬಹುದು, ಜಾಬ್ ಮುಗಿಯಿತೆಂದು ತಿಳಿಸುವ ಗುರುತಾದ ಫೆನ್ಸ್ ಸಿಗ್ನಲ್ ಆಗಬಹುದು, ಮುಗಿದ ಜಾಬ್‌ಗಳನ್ನು ತೆರವುಗೊಳಿಸುವ ಥ್ರೆಡ್ ಅದರ ಮೆಮೊರಿಯನ್ನೇ ಬಿಡುಗಡೆ ಮಾಡಬಹುದು. ಆಗ ಹ್ಯಾಂಡ್ಲರ್ ಬಳಿಯಿರುವ ಪಾಯಿಂಟರ್‌ಗೆ (ಜಾಬ್‌ನ ಮೆಮೊರಿ ವಿಳಾಸಕ್ಕೆ) ಅರ್ಥವೇ ಉಳಿಯುವುದಿಲ್ಲ.

ಇದಕ್ಕೆ 2019ರಲ್ಲಿ ಬರೆದ ತಿದ್ದುಪಡಿಯನ್ನು ಡ್ರೈವರ್ ಬರೆಯುವವರೆಲ್ಲ ಒಮ್ಮೆ ಓದಬೇಕೆಂಬುದು ನನ್ನ ಅಭಿಪ್ರಾಯ. ಅದರಲ್ಲಿ ಹ್ಯಾಂಡ್ಲರ್ ಲಾಕ್ ಹಿಡಿದು (ಬೇರೆ ಥ್ರೆಡ್‌ಗಳನ್ನು ತಡೆದು) ಆ ಜಾಬನ್ನು ಬಾಕಿ ಜಾಬ್‌ಗಳ ಪಟ್ಟಿಯಿಂದ ಹೊರತೆಗೆಯುತ್ತದೆ. ತೆರವಿನ ಥ್ರೆಡ್‌ನ ಕಣ್ಣಿಗೆ ಅದು ಬೀಳುವುದೇ ಇಲ್ಲ. ಶೆಡ್ಯೂಲರ್ ಥ್ರೆಡ್ ಪೂರ್ತಿ ನಿಂತ ಮೇಲೆ ಜಾಬನ್ನು ಪಟ್ಟಿಯ ಮೊದಲಿಗೇ ಮರಳಿಸಿ, ಬಾಕಿಯಿರುವ ಪ್ರತಿ ಜಾಬ್‌ನ ಫೆನ್ಸ್‌ನಿಂದ ಕಾಲ್‌ಬ್ಯಾಕ್ (ಫೆನ್ಸ್ ಸಿಗ್ನಲ್ ಆದಾಗ ಓಡುವ ಕೋಡ್) ತೆಗೆಯಲಾಗುತ್ತದೆ. ತೆಗೆಯಲು ಸಾಧ್ಯವಾದರೆ ಜಾಬ್ ಮುಗಿದಿಲ್ಲ. ಆಗದಿದ್ದರೆ ಫೆನ್ಸ್ ಆಗಲೇ ಸಿಗ್ನಲ್ ಆಗಿದೆ. ಮುಗಿದಿದೆಯೇ ಎಂದು ಮೊದಲು ಕೇಳಿ ಆಮೇಲೆ ಕಾಲ್‌ಬ್ಯಾಕ್ ತೆಗೆಯಲು ಹೊರಟರೆ ನಡುವಿನ ಸಂದಿಯಲ್ಲಿ ಉತ್ತರ ಬದಲಾಗಿಬಿಡಬಹುದು. ಇಲ್ಲಿ ಪ್ರಶ್ನೆಯೂ ತಡೆಯೂ ಒಂದೇ ಕ್ರಿಯೆಯಾಗಿವೆ. ಹೆಚ್ಚು ಲಾಕ್‌ಗಳನ್ನು ಪೇರಿಸಿದರೆ ಈ ಭರವಸೆ ಸಿಗುವುದಿಲ್ಲ, ಹೆಜ್ಜೆಗಳ ಕ್ರಮದಿಂದ ಮಾತ್ರ ಸಿಗುತ್ತದೆ.

ಒಂದೇ ಚಿಪ್‌ನಲ್ಲಿ ಹಲವು ಕ್ಯೂಗಳಿದ್ದರೆ ಪ್ರತಿಯೊಂದರ ಗಡುವೂ ಒಟ್ಟಿಗೇ ಮೀರಿ, ಎರಡು ಹ್ಯಾಂಡ್ಲರ್‌ಗಳು ಏಕಕಾಲಕ್ಕೆ ರೀಸೆಟ್ ಮಾಡಲು ಬರಬಹುದು. 2021ರಿಂದ ಡ್ರೈವರ್ ತನ್ನದೇ ವರ್ಕ್‌ಕ್ಯೂ (ಕರ್ನಲ್ ಕೆಲಸಗಳ ಸರದಿ) ಒದಗಿಸಿ ಈ ಹ್ಯಾಂಡ್ಲರ್‌ಗಳನ್ನು ಒಂದರ ಹಿಂದೊಂದು ಓಡಿಸಬಹುದು.

ಇವೆಲ್ಲಕ್ಕಿಂತ ಕಣ್ಣಿಗೆ ಕಾಣದ ಅಪಾಯ ಮೆಮೊರಿಯದು. ರೀಸೆಟ್ ಕೋಡ್ ಸಾಮಾನ್ಯ ರೀತಿಯಲ್ಲಿ ಮೆಮೊರಿ ಕೇಳಿದಾಗ ಅದು ಸಾಲದಿದ್ದರೆ, ಕರ್ನಲ್ ಹಳೆಯ ಪುಟಗಳನ್ನು ಬಿಡಿಸಿಕೊಳ್ಳಲು ಹೋಗಿ ಯಾವುದೋ ಜಿಪಿಯು ಫೆನ್ಸ್‌ಗಾಗಿ ಕಾಯತೊಡಗಬಹುದು. ಆ ಫೆನ್ಸ್ ಸಿಗ್ನಲ್ ಆಗಬೇಕಾದರೆ ಇದೇ ರೀಸೆಟ್ ಮುಗಿಯಬೇಕು. ಮೆಮೊರಿ ಧಾರಾಳವಾಗಿರುವ ಪರೀಕ್ಷಾ ಯಂತ್ರದಲ್ಲಿ ಈ ಬಿಕ್ಕಟ್ಟು ತಲೆದೋರುವುದೇ ಅಪರೂಪ. ಆದ್ದರಿಂದಲೇ 2020ರಲ್ಲಿ ಕರ್ನಲ್‌ಗೆ ಸೇರಿಸಿದ ಫೆನ್ಸ್ ಗುರುತುಗಳನ್ನು (ಫೆನ್ಸ್ ಸಿಗ್ನಲ್ ಆಗಲು ಬೇಕಾದ ಕೋಡ್ ಇದೆಂದು ಹೇಳುವ ಟಿಪ್ಪಣಿಗಳನ್ನು) ರೀಸೆಟ್ ಕೋಡ್‌ನ ಸುತ್ತ ತಪ್ಪದೆ ಹಾಕಬೇಕು: ಅವಿದ್ದರೆ ಯಂತ್ರ ನಿಜವಾಗಿ ಸ್ತಬ್ಧವಾಗುವ ಮುನ್ನವೇ ಇಂಥ ಪರಸ್ಪರ ಕಾಯುವಿಕೆಯನ್ನು ಪತ್ತೆಹಚ್ಚುವ ಕರ್ನಲ್ ಸಾಧನ ಲಾಕ್‌ಡೆಪ್ ಎಚ್ಚರಿಕೆ ಕೊಡುತ್ತದೆ.